ನಲವತ್ತರೊಳಗೆ ಮುಟ್ಟು ನಿಂತರೆ

ದುರ್ಗದಬೈಲಿನ ಸಂಜೆಯನ್ನು ಹುಬ್ಬಳ್ಳಿಯವರಿಗೆ ಹೊಸದಾಗಿ ವರ್ಣಿಸಬೇಕಾದುದಿಲ್ಲ. ದೀಪ ಹತ್ತುವ ಹೊತ್ತಿಗೆ ಮಿರ್ಚಿ ಭಜಿಯ ಬಾಣಲೆಯ ಸುತ್ತ ಜನ ಮುತ್ತಿಕೊಂಡಿರುತ್ತಾರೆ. ಗಿರಮಿಟ್ಟಿನ ವಾಸನೆ, ತರಕಾರಿಯವರ ಕೂಗು, ಬಳೆಯಂಗಡಿಗಳ ಮಿನುಗು, ಇವುಗಳ ನಡುವೆ ದಾರಿ ಬಿಡಿಸಿಕೊಳ್ಳಲು ಹೆಣಗುವ ಸ್ಕೂಟರುಗಳು. ಮಾರ್ಗಶಿರ ಮಾಸದ ಇಂಥದೊಂದು ತಂಪು ಸಂಜೆ, ಮೆಂತ್ಯದ ಸೂಡಿಗೆ ಚೌಕಾಸಿ ಮಾಡುತ್ತ ನಿಂತ ಗೃಹಿಣಿಯೊಬ್ಬಳಿಗೆ ಎದೆಯಿಂದ ಮುಖಕ್ಕೆ ಬೆಂಕಿಯ ಝಳ ಏರಿದಂತಾಯಿತು. ಹಣೆ, ಕತ್ತು, ಬೆನ್ನು ಬೆವೆತುಹೋದುವು. ಎದೆ ಡವಡವನೆ ಬಡಿದುಕೊಂಡಿತು. ಆಕೆ ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

“ಯಾಕವಾ, ಏನಾತು? ನೀರು ಕುಡೀತಿಯೇನು?” ಎಂದಳು ಪಲ್ಲೆಯವಳು. ಎರಡು ನಿಮಿಷಗಳಲ್ಲಿ ಝಳ ಇಳಿಯಿತು. ಬೆವರು ಆರಿ ಚಳಿ ಹತ್ತಿತು. ಆಕೆ ಎದ್ದು, ಪಲ್ಲೆಯನ್ನು ಚೀಲಕ್ಕೆ ಹಾಕಿಕೊಂಡು ಮನೆಯ ಕಡೆಗೆ ನಡೆದಳು. ಯಾರ ಮುಂದೆಯೂ ಹೇಳಲಿಲ್ಲ.

ಆಕೆಯ ಹೆಸರು ಇಲ್ಲಿ ಮುಖ್ಯವಲ್ಲ. ಅನೇಕ ಮನೆಗಳ ಅನೇಕ ಹೆಣ್ಣುಮಕ್ಕಳಿಂದ ಒಂದೊಂದು ಎಳೆ ತಂದು ಹೆಣೆದ ಚಿತ್ರ ಇದು. ವಯಸ್ಸು ೩೭. ಎರಡು ಮಕ್ಕಳು. ಯಜಮಾನರದು ಜವಳಿಯ ವ್ಯಾಪಾರ. ಆಕೆಯದು ಶಾಲೆಯಲ್ಲಿ ಶಿಕ್ಷಕಿಯ ಕೆಲಸ. ಮುಟ್ಟು ನಿಂತು ಏಳು ತಿಂಗಳಾಗಿತ್ತು. ಮೊದಲು ಗರ್ಭವಿರಬಹುದೆಂಬ ಶಂಕೆಯಿಂದ ಔಷಧದಂಗಡಿಯ ಪಟ್ಟಿ ತಂದು ಮನೆಯಲ್ಲಿಯೇ ಪರೀಕ್ಷೆ ಮಾಡಿ ನೋಡಿದ್ದಳು, ಅದಲ್ಲ. ಆಮೇಲೆ ರಾತ್ರಿ ನಿದ್ರೆ ಹೋಯಿತು. ಮೂರು ಗಂಟೆಗೆ ಎದ್ದು, ತೊಯ್ದ ಕುಪ್ಪಸ ಬದಲಾಯಿಸಿ, ಕಿಟಕಿ ತೆರೆದು ಕೂಡುವುದು ರೂಢಿಯಾಯಿತು. ತರಗತಿಯಲ್ಲಿ ದಿನವೂ ಕರೆಯುವ ಮಕ್ಕಳ ಹೆಸರೇ ಬಾಯಿಗೆ ಬರದಂತಾಯಿತು. ಕಾರಣವಿಲ್ಲದೆ ಕಣ್ಣೀರು, ಕಾರಣವಿಲ್ಲದೆ ಸಿಟ್ಟು. ಗಂಡ–ಹೆಂಡಿರ ನಡುವಿನ ಮಾತನ್ನು ಹೇಳದಿದ್ದರೆ ಲೇಸು. ಅಲ್ಲಿಯೂ ನೋವು ಹೊಕ್ಕಿತ್ತು, ಮತ್ತು ಆ ನೋವಿಗೆ ಅಂಗಾಂಶದ ಒಣಗುವಿಕೆ ಕಾರಣವೆಂದು ಇಬ್ಬರಿಗೂ ತಿಳಿದಿರಲಿಲ್ಲ. ಇಬ್ಬರೂ ಮನಸ್ಸು ಮುರಿಯಿತೆಂದೇ ತಿಳಿದಿದ್ದರು.

ಕೊನೆಗೆ ಅತ್ತೆಯೇ ಕೇಳಿದಳು. ಒಂದೇ ಮನೆಯಲ್ಲಿರುವ ಹೆಂಗಸರಿಗೆ ಇಂಥದು ಎಷ್ಟು ದಿನ ಗೊತ್ತಾಗದೆ ಉಳಿದೀತು?

“ಕಡಿಗೆ ಆಗೂದು ನಿಂತೈತೇನು?”

ಸೊಸೆ ತಲೆ ಆಡಿಸಿದಳು.

“ಛಲೋ ಆತು ಬಿಡವಾ. ತಿಂಗಳಾ ತಿಂಗಳಾ ಆ ತ್ರಾಸ ತಪ್ಪಿತು. ಮಕ್ಕಳು ಎರಡೂ ದೊಡ್ಡವ ಆಗ್ಯಾವ, ಇನ್ನೇನು ಬೇಕು?”

ಅತ್ತೆ ಕ್ರೂರಿಯಲ್ಲ. ಆಕೆ ಹೇಳಿದ್ದು ನಮ್ಮ ನಾಡಿನ ಹೆಚ್ಚಿನ ಮನೆಗಳಲ್ಲಿ ಹೇಳುವ ಮಾತೇ. ಮೈಲಿಗೆ, ಮಡಿ, ದೇವರ ಕೋಣೆಯಿಂದ ದೂರ, ಹಬ್ಬ ಬಂದಾಗ ದಿನಗಳ ಲೆಕ್ಕ — ಇವುಗಳಿಂದ ಬಿಡುಗಡೆಯಾಯಿತೆಂದರೆ ಸಂತೋಷವಾಗುವುದು ಸಹಜವೇ. ಐವತ್ತರ ಹತ್ತಿರ ಬಂದವಳಿಗೆ ಆ ಸಂತೋಷ ಸಲ್ಲತಕ್ಕದ್ದು. ಮೂವತ್ತೇಳಕ್ಕೆ ಅದು ಸಲ್ಲದು. ಏಕೆಂದರೆ ಅಲ್ಲಿ ನಿಂತದ್ದು ರಕ್ತಸ್ರಾವವೊಂದೇ ಅಲ್ಲ.

ಅಂಡಾಶಯವೆಂಬುದು ಬಾದಾಮಿಯಷ್ಟು ಗಾತ್ರದ ಜೋಡಿ ಗ್ರಂಥಿ. ತಿಂಗಳಿಗೊಂದು ಅಂಡವನ್ನು ಬಿಡುಗಡೆ ಮಾಡುವುದು ಅದರ ಕೆಲಸಗಳಲ್ಲಿ ಒಂದು. ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಸುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕೂ ಬಸಿರು–ಬಾಣಂತನಕ್ಕೂ ಇರುವುದು ಅರ್ಧ ಸಂಬಂಧ ಮಾತ್ರ. ಮೂಳೆ ಗಟ್ಟಿಯಾಗಿ ಉಳಿಯುವುದು, ರಕ್ತನಾಳಗಳು ಮೆತ್ತಗೆ ಹಿಗ್ಗುತ್ತ ಕುಗ್ಗುತ್ತ ಇರುವುದು, ಚರ್ಮದ ಹದ, ಮೂತ್ರದ ದಾರಿಯ ಆರೋಗ್ಯ, ನಿದ್ರೆ, ನೆನಪು, ಮೈಯ ಉಷ್ಣವನ್ನು ಅಳತೆಯಲ್ಲಿಡುವ ಮೆದುಳಿನ ವ್ಯವಸ್ಥೆ — ಇವೆಲ್ಲ ಅದರ ಆಶ್ರಯ ಪಡೆದಿವೆ. ಬೈಲಿನ ನಡುವೆ ಮೈಗೇರಿದ ಆ ಝಳ, ಉಷ್ಣದ ಕಾವಲುಗಾರ ಗಲಿಬಿಲಿಗೊಂಡುದರ ಗುರುತು. ಅದು ಕಾಣುವ ತೊಂದರೆ. ಕಾಣದೆ ಮೂಳೆಯೊಳಗೆ ನಡೆಯುವ ಸವೆತಕ್ಕೆ ಝಳವೂ ಇಲ್ಲ, ನೋವೂ ಇಲ್ಲ. ಜಾರಿಬಿದ್ದ ದಿನವೇ ಅದು ಗೊತ್ತಾಗುವುದು.

ವೈದ್ಯಶಾಸ್ತ್ರ ಹಾಕಿಕೊಂಡಿರುವ ಗೆರೆ ಹೀಗಿದೆ. ೪೦ ವರ್ಷಕ್ಕೆ ಮೊದಲೇ ಅಂಡಾಶಯ ಕೆಲಸ ಕುಗ್ಗಿಸಿದರೆ ಅದು ಅಕಾಲಿಕ. ೪೦ರಿಂದ ೪೫ರೊಳಗೆ ಮುಟ್ಟು ನಿಂತರೆ ಅದು ಬೇಗನೆ ಬಂದ ನಿಲುಗಡೆ. ಪಶ್ಚಿಮದ ದೇಶಗಳಲ್ಲಿ ಸಹಜವಾಗಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ೫೧. ಭಾರತದಲ್ಲಿ ಅದು ೪೬–೪೭ರ ಸುತ್ತ. ಅಂದರೆ ನಮ್ಮವರು ಮೊದಲೇ ನಾಲ್ಕೈದು ವರ್ಷಗಳಷ್ಟು ಹಿಂದಿದ್ದಾರೆ. ನೂರಕ್ಕೆ ಒಬ್ಬಳಿಗೆ ೪೦ಕ್ಕೆ ಮೊದಲೇ ಹೀಗಾಗುತ್ತದೆಂದು ಬಹುಕಾಲ ಪುಸ್ತಕಗಳು ಹೇಳುತ್ತಿದ್ದುವು. ೨೦೨೪ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಅದನ್ನು ನೂರಕ್ಕೆ ಮೂರೂವರೆಗೆ ಏರಿಸಿತು. ನಮ್ಮ ರಾಜ್ಯದಲ್ಲಿಯೇ, ಬೆಂಗಳೂರಿನ ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಸಂಶೋಧಕರು ೧೯೯೮–೯೯ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಕೂಡಿಸಿ ನೋಡಿದಾಗ, ದೇಶದಲ್ಲಿ ೩೫ರಿಂದ ೩೯ರ ವಯಸ್ಸಿನವರಲ್ಲಿ ಶೇಕಡಾ ೮ರಷ್ಟು ಮಂದಿಗೆ ಮುಟ್ಟು ನಿಂತಿರುವುದು ಕಂಡುಬಂದಿತು. ಅದು ರಕ್ತಪರೀಕ್ಷೆಯ ಲೆಕ್ಕವಲ್ಲ, ಹೆಂಗಸರು ಬಾಯಿಂದ ಹೇಳಿದ್ದು. ಆದುದರಿಂದ ಒಂದಿಷ್ಟು ಕಡಿಮೆ ಹಿಡಿದುಕೊಂಡರೂ, ಇದು ಅಪರೂಪದ ಸಂಗತಿಯಲ್ಲ ಎಂಬಷ್ಟು ಸ್ಪಷ್ಟ. ಹತ್ತು ಮನೆಗಳ ಓಣಿಯಲ್ಲಿ ಒಬ್ಬಳಿರಬಹುದು. ಅವಳು ಹೇಳುವುದಿಲ್ಲ, ಅಷ್ಟೇ.

ಆ ಸಂಜೆಯಾದ ಮೇಲೆ ಯಜಮಾನರೇ ಒತ್ತಾಯ ಮಾಡಿ ಆಕೆಯನ್ನು ಸ್ತ್ರೀರೋಗಗಳ ವೈದ್ಯೆಯ ಹತ್ತಿರ ಕರೆದುಕೊಂಡು ಹೋದರು. ಹುಬ್ಬಳ್ಳಿಯವರಿಗೆ ಈ ವಿಷಯದಲ್ಲಿ ದೂರ ಹೋಗುವ ಕಷ್ಟವಿಲ್ಲ. ೧೯೫೭ರಲ್ಲಿ ತೆರೆದ ಸರಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ವಿದ್ಯಾನಗರದಲ್ಲಿದೆ, ಊರವರ ಬಾಯಲ್ಲಿ ಅದು ಕಿಮ್ಸ್. ಕಷ್ಟವಿರುವುದು ಹೋಗುವ ಮನಸ್ಸು ಮಾಡುವುದರಲ್ಲಿ.

ವೈದ್ಯೆ ಮೊದಲು ರಕ್ತ ತೆಗೆಸಿದಳು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್.ಎಸ್.ಎಚ್. ಎಂಬ ಹಾರ್ಮೋನಿನ ಮೂಲಕ ಅಂಡಾಶಯಕ್ಕೆ ‘ಕೆಲಸ ಮಾಡು’ ಎಂದು ಅಪ್ಪಣೆ ಕಳಿಸುತ್ತಿರುತ್ತದೆ. ಅಂಡಾಶಯ ಕೇಳಿಸಿಕೊಳ್ಳದಿದ್ದರೆ ಯಜಮಾನ ಕಿವುಡ ಆಳನ್ನು ಕೂಗಿದಂತೆ ಅದು ದನಿ ಏರಿಸುತ್ತ ಹೋಗುತ್ತದೆ. ನಾಲ್ಕು ತಿಂಗಳಾದರೂ ಮುಟ್ಟು ತಪ್ಪಿದ್ದು, ಎಫ್.ಎಸ್.ಎಚ್. ೨೫ನ್ನು ಮೀರಿದ್ದರೆ ರೋಗ ಇದೇ ಎಂದು ಹಿಡಿಯುತ್ತಾರೆ. ಸಂಶಯವಿದ್ದರೆ ನಾಲ್ಕಾರು ವಾರ ಬಿಟ್ಟು ಮತ್ತೊಮ್ಮೆ ನೋಡುವುದುಂಟು. ಥೈರಾಯಿಡಿನ ದೋಷ, ಪ್ರೊಲ್ಯಾಕ್ಟಿನ್ ಏರಿಕೆ, ಗರ್ಭ, ವಿಪರೀತ ಉಪವಾಸ ಅಥವಾ ಮನೋವ್ಯಥೆ — ಇವುಗಳಿಂದಲೂ ಮುಟ್ಟು ನಿಲ್ಲುವುದರಿಂದ ಅವನ್ನೆಲ್ಲ ಬೇರ್ಪಡಿಸಿ ನೋಡಬೇಕು. ಆದುದರಿಂದಲೇ ನೆರೆಮನೆಯವಳಿಗೆ ಕೊಟ್ಟ ಚೀಟಿಯನ್ನು ತೋರಿಸಿ ಗುಳಿಗೆ ಕೊಳ್ಳುವ ಅಭ್ಯಾಸ ಇಲ್ಲಿ ನಡೆಯತಕ್ಕದ್ದಲ್ಲ.

ಏಕೆ ಹೀಗಾಯಿತೆಂಬುದಕ್ಕೆ ಬಹುಮಟ್ಟಿಗೆ ಉತ್ತರ ಸಿಗುವುದಿಲ್ಲ. ಕೆಲವರಲ್ಲಿ ಎಕ್ಸ್ ವರ್ಣತಂತುವಿನ ದೋಷ, ಕೆಲವರಲ್ಲಿ ಮೈಯ ರಕ್ಷಣಾಪಡೆ ತನ್ನ ಗ್ರಂಥಿಯ ಮೇಲೆಯೇ ತಿರುಗಿ ಬೀಳುವ ವ್ಯಾಧಿ, ಕ್ಯಾನ್ಸರಿಗೆ ಕೊಟ್ಟ ಔಷಧ ಅಥವಾ ಕಿರಣಚಿಕಿತ್ಸೆ, ಶಸ್ತ್ರಚಿಕಿತ್ಸೆ. ತಂಬಾಕು ಮುಟ್ಟುನಿಲುಗಡೆಯನ್ನು ಒಂದೆರಡು ವರ್ಷ ಮುಂದಕ್ಕೆ ಎಳೆಯುತ್ತದೆ. ಅನೇಕ ಸಲ ತಾಯಿಗೂ ಅಕ್ಕನಿಗೂ ಹೀಗೆಯೇ ಆಗಿರುತ್ತದೆ. ಮಾಡಿದ ಪಾಪವೂ ಅಲ್ಲ, ಬಿದ್ದ ದೃಷ್ಟಿಯೂ ಅಲ್ಲ.

ವರದಿ ಬಂದ ದಿನ ಆಕೆ ಕೇಳಿದ ಮೊದಲ ಪ್ರಶ್ನೆ: “ಹಂಗಾರ ನಾ ಮುದುಕಿ ಆದೆನೇನ್ರಿ ಮೇಡಂ?”

“ಇಲ್ರಿ. ಅಂಡಾಶಯ ಒಂದು ದಣದದ. ನೀವು ಮೂವತ್ತೇಳರವರs ಇದ್ದೀರಿ. ನಿಮ್ಮ ಮೈಯಾಗ ಇನ್ನೂ ಹತ್ತು–ಹನ್ನೆರಡು ವರ್ಷ ಇರಬೇಕಾಗಿದ್ದ ವಸ್ತು ಈಗ ಇಲ್ಲ. ಅದನ್ನ ಹೊರಗಿನಿಂದ ಕೊಡೂದು, ಅಷ್ಟs.”

ಹಾರ್ಮೋನು ಚಿಕಿತ್ಸೆಯ ತಿರುಳು ಇಷ್ಟರಲ್ಲಿಯೇ ಇದೆ. ಥೈರಾಯಿಡ್ ಸೋತವರಿಗೆ ದಿನವೂ ಥೈರಾಕ್ಸಿನ್ ಗುಳಿಗೆ ಕೊಟ್ಟಾಗ ಯಾರೂ ಹೌಹಾರುವುದಿಲ್ಲ. ಮಧುಮೇಹದ ಹುಡುಗನಿಗೆ ಇನ್ಸುಲಿನ್ ಚುಚ್ಚಿದಾಗ ಅದನ್ನು ಚಟವೆನ್ನುವುದಿಲ್ಲ. ಅಕಾಲದಲ್ಲಿ ಈಸ್ಟ್ರೊಜೆನ್ ಕಳೆದುಕೊಂಡ ಹೆಣ್ಣುಮಗಳ ಸಂಗತಿಯೂ ಅದೇ ಜಾತಿಯದು. ಆಕೆಗೆ ಕೊಡುವುದು ಯೌವನವನ್ನು ಎಳೆದು ಹಿಡಿಯುವ ಮದ್ದಲ್ಲ; ಆ ವಯಸ್ಸಿನ ಉಳಿದವರ ಮೈಯಲ್ಲಿ ತಾನಾಗಿ ಹರಿಯುವುದನ್ನೇ ಕೊಡುವುದು. ಅದೂ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ, ಸಾಮಾನ್ಯವಾಗಿ ಐವತ್ತರ ಹತ್ತಿರದವರೆಗೆ. ಅಲ್ಲಿಗೆ ಬಂದ ಮೇಲೆ ಮುಂದುವರಿಸುವುದೋ ಬಿಡುವುದೋ ಎಂಬುದು ಬೇರೆ ಮಾತು, ಆಗ ಕುಳಿತು ಮಾಡತಕ್ಕ ಲೆಕ್ಕ.

ಗರ್ಭಕೋಶವಿರುವವಳಿಗೆ ಎರಡು ಹಾರ್ಮೋನುಗಳು ಬೇಕು. ಈಸ್ಟ್ರೊಜೆನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗಿ ಕ್ಯಾನ್ಸರಿಗೆ ಎಡೆಯಾಗಬಹುದು. ಅದನ್ನು ತಡೆಯಲು ಪ್ರೊಜೆಸ್ಟರಾನ್. ಇದನ್ನು ತಿಂಗಳಿಗೆ ಹನ್ನೆರಡು–ಹದಿನಾಲ್ಕು ದಿನ ಕೊಟ್ಟರೆ ತಿಂಗಳ ಸ್ರಾವ ಮರಳಿ ಬರುತ್ತದೆ. ದಿನವೂ ಕೊಟ್ಟರೆ ಬಾರದು. ಗರ್ಭಕೋಶ ತೆಗೆಸಿಕೊಂಡವಳಿಗೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಒಂದೇ ಸಾಕು. ಈಸ್ಟ್ರೊಜೆನ್ ಗುಳಿಗೆಯಾಗಿ ಬರುತ್ತದೆ, ತೋಳಿಗೆ ಹಚ್ಚುವ ಜೆಲ್ ಆಗಿ ಬರುತ್ತದೆ, ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಿಯೂ ಉಂಟು. ಚರ್ಮದ ಮೂಲಕ ಹೋದುದು ಯಕೃತ್ತನ್ನು ಹಾಯದೆ ನೇರವಾಗಿ ರಕ್ತ ಸೇರುವುದರಿಂದ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಮೈ ತೂಕ ಹೆಚ್ಚಿರುವವರಿಗೆ, ಅರೆತಲೆಶೂಲೆಯವರಿಗೆ, ರಕ್ತದೊತ್ತಡದವರಿಗೆ ವೈದ್ಯರು ಅದನ್ನೇ ಮೆಚ್ಚುತ್ತಾರೆ. ಇನ್ನೊಂದು ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು. ಈ ಚಿಕಿತ್ಸೆ ಗರ್ಭನಿರೋಧಕವಲ್ಲ. ಅಕಾಲದಲ್ಲಿ ದಣಿದ ಅಂಡಾಶಯ ಒಮ್ಮೊಮ್ಮೆ ಎಚ್ಚೆತ್ತುಕೊಳ್ಳುತ್ತದೆ. ನೂರರಲ್ಲಿ ಐದರಿಂದ ಹತ್ತು ಮಂದಿ ತಾವಾಗಿಯೇ ಗರ್ಭ ಧರಿಸಿದ್ದುಂಟು. ಮಗು ಬೇಕೆನ್ನುವವರಿಗೆ ಇದು ಸಣ್ಣದೊಂದು ಆಸೆ, ಬೇಡವೆನ್ನುವವರಿಗೆ ಎಚ್ಚರಿಕೆ.

ಯಾರಿಗೆ ಸಲ್ಲದು? ಸ್ತನದ ಕ್ಯಾನ್ಸರು ಬಂದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ, ಯಕೃತ್ತು ತೀವ್ರವಾಗಿ ಕೆಟ್ಟವರಿಗೆ, ಹೃದಯಾಘಾತವೋ ಪಾರ್ಶ್ವವಾಯುವೋ ರಕ್ತ ಹೆಪ್ಪುಗಟ್ಟುವಿಕೆಯೋ ಹೊಸದಾಗಿ ಆದವರಿಗೆ. ಇವರಿಗೆ ಬೇರೆ ದಾರಿಗಳಿವೆ. ಸೋಯಾ, ಬೇರುನಾರು, ‘ಹೆಂಗಸರ ಶಕ್ತಿಗೆ’ ಎಂದು ಬಣ್ಣದ ಸೀಸೆಗಳಲ್ಲಿ ಮಾರುವ ದ್ರವಗಳು ಅಕಾಲಿಕ ನಿಲುಗಡೆಯಲ್ಲಿ ಮೂಳೆಯನ್ನು ಕಾಯುತ್ತವೆಂಬುದಕ್ಕೆ ಆಧಾರವಿಲ್ಲ.

ಗುಳಿಗೆ ಆರಂಭಿಸಿದ ಮೂರನೆಯ ವಾರಕ್ಕೆ ಆಕೆ ರಾತ್ರಿಯಿಡೀ ನಿದ್ರಿಸಿದಳು. ಆರನೆಯ ವಾರಕ್ಕೆ ಝಳ ದಿನಕ್ಕೊಂದಾಯಿತು, ಮತ್ತೆ ವಾರಕ್ಕೊಂದು. ಮನೆಯಲ್ಲಿ ನಗು ಕೇಳಿಸಿತು. ಅಷ್ಟರಲ್ಲಿ ಪುಣೆಯಲ್ಲಿರುವ ತಂಗಿಯ ಫೋನು ಬಂದಿತು.

“ಅಕ್ಕಾ, ಆ ಗುಳಿಗಿ ಬಿಟ್ಟುಬಿಡು. ಕ್ಯಾನ್ಸರ್ ಬರ್ತದಂತ. ಮೊಬೈಲಿನ್ಯಾಗ ಬಂದೈತಿ, ಕಳಸೇನಿ ನೋಡು.”

ಮರುದಿನವೇ ಗುಳಿಗೆಯ ಪೊಟ್ಟಣ ಅಡಿಗೆಮನೆಯ ಮಾಡದ ಹಿಂಬದಿಗೆ ಹೋಯಿತು. ವೈದ್ಯೆಗೆ ತಿಳಿಸಲಿಲ್ಲ, ಯಜಮಾನರಿಗೂ ತಿಳಿಸಲಿಲ್ಲ.

ತಂಗಿ ಸುಳ್ಳು ಹೇಳಿರಲಿಲ್ಲ. ಅರ್ಧ ಕಥೆ ಹೇಳಿದ್ದಳು. ಪೂರ್ತಿ ಕಥೆ ಹೀಗಿದೆ.

ಅಂಡಾಶಯದ ಈ ಹಾರ್ಮೋನನ್ನು ೧೯೨೯ರಲ್ಲಿ ಅಮೆರಿಕದ ಎಡ್ವರ್ಡ್ ಡಾಯ್ಸಿ, ಅದೇ ವರ್ಷ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಬೇರೆಬೇರೆಯಾಗಿ ಶುದ್ಧರೂಪದಲ್ಲಿ ಹೊರತೆಗೆದರು. ಅವರಿಗೆ ಅದು ದೊರೆತದ್ದು ಗರ್ಭಿಣಿಯರ ಮೂತ್ರದಿಂದ. ೧೯೪೦ರ ದಶಕದ ಆರಂಭದಲ್ಲಿ ಗಬ್ಬದ ಕುದುರೆಗಳ ಮೂತ್ರದಿಂದ ತಯಾರಿಸಿದ ಗುಳಿಗೆ ಕೆನಡಾ, ಅಮೆರಿಕಗಳಲ್ಲಿ ಮಾರಾಟಕ್ಕೆ ಬಂದಿತು. ೧೯೬೬ರಲ್ಲಿ ನ್ಯೂಯಾರ್ಕಿನ ರಾಬರ್ಟ್ ವಿಲ್ಸನ್ ಎಂಬ ವೈದ್ಯ, ಮುಟ್ಟು ನಿಲ್ಲುವುದೇ ಒಂದು ರೋಗ, ಈಸ್ಟ್ರೊಜೆನ್ ನುಂಗಿದವಳು ಎಂದೆಂದಿಗೂ ತರುಣಿ ಎಂದು ಪುಸ್ತಕ ಬರೆದ. ಪುಸ್ತಕ ಬಿಸಿ ಭಜಿಯಂತೆ ಮಾರಿತು, ಗುಳಿಗೆಯೂ ಮಾರಿತು. ಬೇಕಾದವರೂ ಬೇಡವಾದವರೂ ನುಂಗಿದರು. ೧೯೭೫ರಲ್ಲಿ ಆ ಒಂಟಿ ಈಸ್ಟ್ರೊಜೆನ್ ಗರ್ಭಕೋಶದ ಕ್ಯಾನ್ಸರನ್ನು ಹೆಚ್ಚಿಸುತ್ತದೆಂದು ಸಿದ್ಧವಾಯಿತು. ಆಮೇಲೆ ಪ್ರೊಜೆಸ್ಟರಾನಿನ ಜಾತಿಯ ಔಷಧವನ್ನು ಜೊತೆಗೂಡಿಸಿದರು.

ಇನ್ನೊಂದು ಸಿಡಿಲು ಬಡಿದದ್ದು ೨೦೦೨ರ ಜುಲೈಯಲ್ಲಿ. ಅಮೆರಿಕದಲ್ಲಿ ಗರ್ಭಕೋಶವಿದ್ದ ೧೬,೬೦೮ ಹೆಂಗಸರ ಮೇಲೆ ನಡೆಯುತ್ತಿದ್ದ ಭಾರೀ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಲಾಯಿತು. ಜೋಡಿ ಹಾರ್ಮೋನು ತೆಗೆದುಕೊಂಡವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ೩೮ ಮಂದಿಗೆ ಸ್ತನದ ಕ್ಯಾನ್ಸರು, ತೆಗೆದುಕೊಳ್ಳದವರಲ್ಲಿ ೩೦. ಹೃದಯಾಘಾತ ೩೭ಕ್ಕೆ ೩೦. ಪಾರ್ಶ್ವವಾಯು ೨೯ಕ್ಕೆ ೨೧. ಸೊಂಟದ ಮೂಳೆ ಮುರಿದವರು ಮಾತ್ರ ೧೦ಕ್ಕೆ ೧೫, ಅಂದರೆ ಗುಳಿಗೆಯವರಲ್ಲಿ ಕಡಿಮೆ. ಪತ್ರಿಕೆಗಳಲ್ಲಿ ದಪ್ಪ ಅಕ್ಷರಗಳಲ್ಲಿ ಬಂದದ್ದು ಮೊದಲಿನ ಮೂರು. ಲೋಕದಲ್ಲೆಲ್ಲ ಹೆಂಗಸರು ಗುಳಿಗೆ ಚೆಲ್ಲಿದರು. ವೈದ್ಯರು ಬರೆಯುವುದನ್ನು ನಿಲ್ಲಿಸಿದರು.

ಆದರೆ ಆ ಪರೀಕ್ಷೆಗೆ ಸೇರಿದ್ದವರು ಯಾರು? ೫೦ರಿಂದ ೭೯ ವರ್ಷದವರು. ಸರಾಸರಿ ವಯಸ್ಸು ೬೩. ಸಹಜವಾಗಿ ಮುಟ್ಟು ನಿಂತು ಹತ್ತು–ಹನ್ನೆರಡು ವರ್ಷ ಕಳೆದ ಮೇಲೆ, ಮೈ ಹಾರ್ಮೋನನ್ನು ಮರೆತ ಮೇಲೆ, ಹೊಸದಾಗಿ ಅದನ್ನು ತೆಗೆದುಕೊಂಡವರೇ ಹೆಚ್ಚು. ಅವರಲ್ಲಿ ಮೂವತ್ತೇಳರವಳು ಒಬ್ಬಳೂ ಇರಲಿಲ್ಲ. ಅರವತ್ಮೂರರ ಅಜ್ಜಿಗೆ ಅದು ಪ್ರಕೃತಿ ಕೊಡುವುದನ್ನು ಮೀರಿದ ಹೆಚ್ಚುವರಿ; ಮೂವತ್ತೇಳರವಳಿಗೆ ಪ್ರಕೃತಿ ಕೊಡಬೇಕಾಗಿದ್ದ ಬಾಕಿ. ಒಂದರ ಲೆಕ್ಕವನ್ನು ಇನ್ನೊಂದರ ಖಾತೆಗೆ ಬರೆದರೆ ಜವಳಿ ಅಂಗಡಿಯ ಗುಮಾಸ್ತನೂ ಒಪ್ಪಲಾರ. ಗರ್ಭಕೋಶವಿಲ್ಲದವರಿಗೆ ಈಸ್ಟ್ರೊಜೆನ್ ಒಂದನ್ನೇ ಕೊಟ್ಟು ಮಾಡಿದ ಅದೇ ಪರೀಕ್ಷೆಯ ಇನ್ನೊಂದು ಭಾಗದಲ್ಲಂತೂ ಸ್ತನದ ಕ್ಯಾನ್ಸರು ಹೆಚ್ಚಲೇ ಇಲ್ಲ. ೨೦೨೫ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಈ ಔಷಧಗಳ ಪೊಟ್ಟಣದ ಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯ ಬಹುಭಾಗವನ್ನು ತೆಗೆಯಿಸುವುದಾಗಿ ಪ್ರಕಟಿಸಿತು. ಹಾಗೆಂದು ವಿಲ್ಸನ್ನನ ಕಾಲಕ್ಕೆ ಮರಳಬೇಕಾಗಿಲ್ಲ.

ಗುಳಿಗೆ ತೆಗೆದುಕೊಂಡರೆ ಏನಾದೀತೆಂದು ಕೇಳುವವರು ಬಹಳ. ತೆಗೆದುಕೊಳ್ಳದಿದ್ದರೆ ಏನಾದೀತೆಂದು ಕೇಳುವವರು ವಿರಳ. ಅಮೆರಿಕದ ಮಿನೆಸೋಟಾ ಪ್ರಾಂತದ ಒಂದು ಜಿಲ್ಲೆಯಲ್ಲಿ, ೪೫ ವರ್ಷಕ್ಕೆ ಮೊದಲೇ ಎರಡೂ ಅಂಡಾಶಯಗಳನ್ನು ತೆಗೆಸಿಕೊಂಡ ಹೆಂಗಸರನ್ನು ದಶಕಗಳ ಕಾಲ ಅನುಸರಿಸಿ ನೋಡಿದರು. ಅದರ ಫಲ ೨೦೦೬ರಲ್ಲಿ ಪ್ರಕಟವಾಯಿತು. ಆಮೇಲೆ ಈಸ್ಟ್ರೊಜೆನ್ ತೆಗೆದುಕೊಳ್ಳದವರಲ್ಲಿ ಸಾವಿನ ಪ್ರಮಾಣ ಸಮವಯಸ್ಕರಿಗಿಂತ ಹೆಚ್ಚಾಗಿತ್ತು. ಮೂಳೆ, ಹೃದಯ, ಬಹುಶಃ ಮೆದುಳು — ಮೂರೂ ಆ ಕೊರತೆಯ ಬೆಲೆ ತೆರುತ್ತವೆ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿಯೇ ಮೂಳೆಯ ಸವೆತ ಎಲ್ಲಕ್ಕಿಂತ ವೇಗವಾದದ್ದು. ಆದುದರಿಂದ ‘ನೋಡೋಣ, ಮುಂದಿನ ವರ್ಷ’ ಎಂದು ದಿನ ನೂಕುವುದಕ್ಕೂ ಬೆಲೆಯುಂಟು.

ಅಂಡಾಶಯ ತೆಗೆಸಿಕೊಳ್ಳುವ ಮಾತು ಬಂದುದರಿಂದ ನಮ್ಮ ನಾಡಿನ ಒಂದು ದುಃಖದ ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ೨೦೧೫ರ ಸುಮಾರಿಗೆ ಕಲಬುರ್ಗಿ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಅಗತ್ಯವಿಲ್ಲದೆ ಗರ್ಭಕೋಶ ತೆಗೆದುಹಾಕಲಾಗಿದೆಯೆಂಬ ಸಂಗತಿ ಹೊರಬಿದ್ದಿತು. ಅವರಲ್ಲಿ ಹೆಚ್ಚಿನವರು ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಬಡ ಹೆಣ್ಣುಮಕ್ಕಳು. ಅನೇಕರು ನಲವತ್ತನ್ನು ಕಾಣದವರು. ಬಿಳಿಸೆರಗು, ಹೊಟ್ಟೆನೋವು ಎಂದು ಹೋದವರಿಗೆ ಕ್ಯಾನ್ಸರಿನ ಭಯ ತೋರಿಸಿ ಕತ್ತರಿ ಆಡಿಸಲಾಗಿತ್ತು. ೨೦೧೭ರಲ್ಲಿ ಅವರೇ ಬೀದಿಗಿಳಿದು ನ್ಯಾಯ ಕೇಳಿದರು. ದೇಶದ ಮಟ್ಟದಲ್ಲಿ ನೋಡಿದರೂ, ೨೦೧೫–೧೬ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ರ ವಯಸ್ಸಿನವರಲ್ಲಿ ನೂರಕ್ಕೆ ಮೂವರಿಗೂ ಮಿಕ್ಕಿ ಗರ್ಭಕೋಶ ಕಳೆದುಕೊಂಡವರು. ಅವರಲ್ಲಿ ಅರ್ಧದಷ್ಟು ಮಂದಿ ಅದನ್ನು ಕಳೆದುಕೊಂಡದ್ದು ೩೪ ವರ್ಷ ತುಂಬುವ ಹೊತ್ತಿಗೆ. ೨೦೨೨ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು; ೨೦೨೩ರ ಎಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಮೂರು ತಿಂಗಳೊಳಗೆ ಅದನ್ನು ಜಾರಿಗೆ ತರಬೇಕೆಂದು ರಾಜ್ಯಗಳಿಗೆ ಅಪ್ಪಣೆ ಮಾಡಿತು.

ಗರ್ಭಕೋಶ ಒಂದನ್ನೇ ತೆಗೆದರೆ ಸ್ರಾವ ನಿಲ್ಲುತ್ತದೆ, ಹಾರ್ಮೋನು ತಕ್ಷಣ ನಿಲ್ಲುವುದಿಲ್ಲ; ಆದರೂ ಉಳಿಸಿದ ಅಂಡಾಶಯಗಳು ಕೆಲವು ವರ್ಷ ಮೊದಲೇ ಸೋಲುವುದುಂಟು. ಅಂಡಾಶಯಗಳನ್ನೂ ತೆಗೆದರೆ ಮುಟ್ಟುನಿಲುಗಡೆ ಅದೇ ದಿನ, ಮೆಟ್ಟಿಲಿಳಿಯದೆ ಮಾಳಿಗೆಯಿಂದ ಬಿದ್ದಂತೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಎಷ್ಟೋ ಹೆಂಗಸರಿಗೆ ತಮ್ಮಿಂದ ತೆಗೆದುದು ಯಾವುದು, ಉಳಿದುದು ಯಾವುದು ಎಂಬುದೇ ಗೊತ್ತಿಲ್ಲ. ‘ಚೀಲ ತಗದಾರ’ ಎಂಬಷ್ಟೇ ಉತ್ತರ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಚೀಟಿಯಲ್ಲಿ ಅದು ಬರೆದಿರುತ್ತದೆ. ಮನೆಯ ಯಾರಾದರೂ ಓದಬಲ್ಲವರು ಅದನ್ನು ತೆಗೆದು ನೋಡಬೇಕು, ಜೋಪಾನವಾಗಿಡಬೇಕು.

ದುರ್ಗದಬೈಲಿನ ಆ ಮನೆಯಲ್ಲಿ ಮುಂದೇನಾಯಿತು? ಗುಳಿಗೆ ಬಿಟ್ಟ ಹದಿನೈದು ದಿನಗಳೊಳಗೆ ಝಳ ಮರಳಿತು. ರಾತ್ರಿ ಮೂರು ಗಂಟೆಗೆ ಕಿಟಕಿ ತೆರೆದು ಕುಳಿತ ಸೊಸೆಯ ಹತ್ತಿರ ಅತ್ತೆ ಬಂದು ಕುಳಿತಳು. ಅತ್ತೆಯ ವಯಸ್ಸು ೬೬. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಎಡಗೈಯ ಮಣಿಕಟ್ಟು ಮುರಿದಿತ್ತು. ಈಚೆಗೆ ಬೆನ್ನೂ ಬಾಗುತ್ತಿತ್ತು.

“ನನಗೂ ಮೂವತ್ತೆಂಟಕ್ಕs ನಿಂತಿತ್ತು,” ಎಂದಳು ಅತ್ತೆ. “ಹಿಂಗs ಉರೀತಿತ್ತು. ಬಾವಿಕಟ್ಟೀಗೆ ಹೋಗಿ ತಣ್ಣೀರು ಸುರಕೊಂತಿದ್ದೆ. ನಮ್ಮತ್ತಿ ಛಲೋ ಆತು ಅಂದ್ಲು. ನಾನೂ ಛಲೋ ಆತು ಅಂದೆ.”

ಸೊಸೆ ಸುಮ್ಮನಿದ್ದಳು.

“ಆ ಗುಳಿಗಿ ಯಾಕ ಬಿಟ್ಟಿ?”

ಮರುವಾರ ಇಬ್ಬರೂ ಕೂಡಿಯೇ ವೈದ್ಯೆಯ ಹತ್ತಿರ ಹೋದರು. ತಂಗಿ ಕಳಿಸಿದ ಸಂದೇಶವನ್ನು ಸೊಸೆ ತೋರಿಸಿದಳು. ವೈದ್ಯೆ ಸಿಟ್ಟಾಗದೆ ಅದನ್ನು ಪೂರ್ತಿ ಓದಿ, ಅದರಲ್ಲಿ ಹೇಳಿದ್ದು ಯಾವ ವಯಸ್ಸಿನವರ ಮಾತೆಂದು ವಿವರಿಸಿ, ರಕ್ತದೊತ್ತಡ, ತೂಕ ನೋಡಿ, ಸ್ತನ ಪರೀಕ್ಷಿಸಿ, ಗುಳಿಗೆಯ ಬದಲು ಈ ಸಲ ಜೆಲ್ಲನ್ನು ಬರೆದುಕೊಟ್ಟಳು. ಪ್ರೊಜೆಸ್ಟರಾನನ್ನು ರಾತ್ರಿ ಮಲಗುವಾಗ ನುಂಗಬೇಕೆಂದಳು. ವರ್ಷಕ್ಕೊಮ್ಮೆ ಬಂದು ತೋರಿಸಿಕೊಳ್ಳುವುದು ತಪ್ಪಬಾರದು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯನ್ನು ಆರಂಭದಲ್ಲಿಯೇ ಒಮ್ಮೆ ಮಾಡಿಸಿಡಬೇಕು.

ಊಟದ ಮಾತೂ ಬಂದಿತು. ದಿನಕ್ಕೆ ಸುಮಾರು ಒಂದು ಗ್ರಾಂ ಸುಣ್ಣಾಂಶ ಹೊಟ್ಟೆಗೆ ಹೋಗಬೇಕು. ನಮ್ಮ ಕಡೆಯ ಜೋಳದ ರೊಟ್ಟಿ ಎಲ್ಲದರಲ್ಲಿ ಮೇಲಾದರೂ ಸುಣ್ಣಾಂಶದಲ್ಲಿ ಬಡವ. ನೂರು ಗ್ರಾಂ ಜೋಳದಲ್ಲಿ ಮೂವತ್ತು ಮಿಲಿಗ್ರಾಮೂ ಇಲ್ಲ. ಅದೇ ತೂಕದ ರಾಗಿಯಲ್ಲಿ ಮುನ್ನೂರೈವತ್ತರ ಸುಮಾರು. ಎಳ್ಳಿನಲ್ಲಿ ಸಾವಿರಕ್ಕೂ ಮಿಕ್ಕಿ. ರೊಟ್ಟಿಯ ಜೊತೆಗೆ ಮೊಸರು, ಎಳ್ಳಿನ ಹಿಂಡಿ, ಗುರೆಳ್ಳಿನ ಹಿಂಡಿ, ಹಸಿರು ಪಲ್ಲೆ ಇಟ್ಟ ಹಿರಿಯರು ಈ ಲೆಕ್ಕ ಮಾಡಿರಲಿಲ್ಲ, ಆದರೂ ಲೆಕ್ಕ ಕೂಡಿಬರುತ್ತದೆ. ಬಿಸಿಲಲ್ಲಿ ನಡಿಗೆ, ಒಂದಿಷ್ಟು ಭಾರ ಎತ್ತುವ ವ್ಯಾಯಾಮ. ಇವೆಲ್ಲ ಚಿಕಿತ್ಸೆಯ ಜೊತೆಗೆ. ಚಿಕಿತ್ಸೆಗೆ ಬದಲಾಗಿ ಅಲ್ಲ.

ಎದ್ದು ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತಳು.

“ಬಾಯಾರ, ಆ ಔಷಧ ನನಗೂ ಬರೀತೀರೇನು? ನನಗೂ ಆಗs ನಿಂತಿತ್ತು.”

ವೈದ್ಯೆ ಆಕೆಯನ್ನು ಮತ್ತೆ ಕುರ್ಚಿಯಲ್ಲಿ ಕೂಡಿಸಿದಳು. ಅರವತ್ತಾರಕ್ಕೆ ಅದನ್ನು ಹೊಸದಾಗಿ ಆರಂಭಿಸುವಂತಿಲ್ಲ. ಅಮೆರಿಕದ ಆ ಪರೀಕ್ಷೆ ಎಚ್ಚರಿಸಿದ್ದು ಈ ವಯಸ್ಸಿನವರನ್ನೇ. ಆದರೆ ಸವೆದ ಮೂಳೆಗೆ ಬೇರೆ ಔಷಧಗಳಿವೆ, ಅವು ಈ ವಯಸ್ಸಿನಲ್ಲಿಯೂ ಕೆಲಸ ಮಾಡುತ್ತವೆ. ಮಣಿಕಟ್ಟು ಮುರಿದಾಗಲೇ ಯಾರಾದರೂ ಹೇಳಬೇಕಾಗಿತ್ತು. ಡೆಕ್ಸಾ ಪರೀಕ್ಷೆಯ ಚೀಟಿಯಲ್ಲಿ ಸೊಸೆಯ ಹೆಸರಿನ ಕೆಳಗೆ ಇನ್ನೊಂದು ಹೆಸರು ಸೇರಿತು. ಅತ್ತೆಗೆ ಹದಿನೈದು ವರ್ಷದ ಮೊಮ್ಮಗಳು ಇದ್ದಳು. ಆಕೆ ದೊಡ್ಡವಳಾದ ಮೇಲೆ ತಾಯಿಯ ಮುಟ್ಟು ಯಾವ ವಯಸ್ಸಿಗೆ ನಿಂತಿತೆಂದು ವೈದ್ಯರು ಕೇಳಿದರೆ ಹೇಳಲು ತಿಳಿದಿರಬೇಕೆಂದು, ಅದನ್ನೂ ಒಂದು ಕಾಗದದಲ್ಲಿ ಬರೆದಿಡಲು ವೈದ್ಯೆ ಸೂಚಿಸಿದಳು. ಹಿಂದಿರುಗುವಾಗ ಇಬ್ಬರೂ ಬೈಲಿನಲ್ಲಿ ಇಳಿದು ಅರ್ಧ ಕಿಲೋ ಎಳ್ಳು, ಎರಡು ಸೂಡು ಮೆಂತ್ಯ ಕೊಂಡರು; ಬಚ್ಚಲಿಗೆ ಹಾಸಲು ಜಾರದ ರಬ್ಬರಿನ ಚಾಪೆಯೊಂದನ್ನು ಅತ್ತೆಯೇ ಆರಿಸಿದಳು.